ಗೃಹರಕ್ಷಕ ದಳ ಸೇರುವವರಿಗೆ: ಅರ್ಜಿಯಿಂದ ಚುನಾವಣಾ ಡ್ಯೂಟಿವರೆಗೆ

ಪೊಲೀಸ್ ವಿಷಯ ರಾಜ್ಯಪಟ್ಟಿಗೆ ಸೇರಿದ್ದು, ಅಂದರೆ ಅದರ ಕಾನೂನು ಮಾಡುವುದು ರಾಜ್ಯಗಳು. ಹಾಗಾಗಿ ಪೊಲೀಸರಿಗೆ ನೆರವಾಗುವ ಗೃಹರಕ್ಷಕ ದಳದ (ಹೋಂ ಗಾರ್ಡ್) ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮ ಕರ್ನಾಟಕದಲ್ಲಿ 1962ರ ಗೃಹರಕ್ಷಕ ದಳ ಕಾಯ್ದೆ ಇದೆ. ಇದು ಸ್ವಯಂಸೇವೆ: ತಿಂಗಳ ಸಂಬಳ ಇಲ್ಲ, ಕರೆದು ದುಡಿಸಿಕೊಂಡ ದಿನಕ್ಕೆ ಭತ್ಯೆ ಉಂಟು. ಗೃಹರಕ್ಷಕರು ಖಾಯಂ ನೌಕರರಲ್ಲ, ಆದರೆ ದಿನದ ಭತ್ಯೆಯನ್ನು 30 ದಿನಕ್ಕೆ ಲೆಕ್ಕ ಹಾಕಿದರೆ ಪೊಲೀಸರ ಕನಿಷ್ಠ ತಿಂಗಳ ವೇತನಕ್ಕೆ ಸಮನಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. "ಮುಂದೆ ಖಾಯಂ ಮಾಡಿಸ್ತೀವಿ" ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಅರ್ಜಿಗಾಗಿ ಜಿಲ್ಲಾ ಸಮಾದೇಷ್ಟರ (ಜಿಲ್ಲೆಯ ದಳದ ಮುಖ್ಯಸ್ಥರು, ಕಮಾಂಡೆಂಟ್) ಕಚೇರಿಯಲ್ಲಿ ಅಥವಾ ನಿಮ್ಮ ಘಟಕದಲ್ಲಿ ವಿಚಾರಿಸಿ. ಅಂಕಪಟ್ಟಿ, ಆಧಾರ್ ಮತ್ತು ಪಾಸ್‌ಬುಕ್‌ನಲ್ಲಿ ಹೆಸರು, ಇನಿಷಿಯಲ್ ಒಂದೇ ರೀತಿ ಇರಲಿ. ಒಂದಕ್ಷರ ಹೆಚ್ಚುಕಡಿಮೆಯಾದರೂ ಭತ್ಯೆ ಖಾತೆಗೆ ಬೀಳದೆ ಅಲೆಯಬೇಕಾದೀತು. ಪೊಲೀಸ್ ಪರಿಶೀಲನೆ ಇರುವುದರಿಂದ ಹಳೆಯ ಪ್ರಕರಣ ಮುಚ್ಚಿಡಬೇಡಿ.

ವಾರದ ಕವಾಯತು ತಪ್ಪಿಸಬೇಡಿ. ಸಾವಧಾನ್ ಸ್ಥಿತಿಯಲ್ಲಿ ಹೊಸಬರು ತಲೆಸುತ್ತಿ ಬೀಳುವುದು ಬರೀ ಬಿಸಿಲಿಗಲ್ಲ. ಮಂಡಿ ಬಿಗಿಹಿಡಿದು ಅಲುಗಾಡದೆ ನಿಂತರೆ ರಕ್ತ ಕಾಲಲ್ಲೇ ನಿಲ್ಲುತ್ತದೆ. ಮಂಡಿ ಒಂಚೂರು ಸಡಿಲ ಬಿಡಿ, ಬೂಟಿನೊಳಗೆ ಕಾಲ್ಬೆರಳು ಮಡಚಿ ಬಿಚ್ಚುತ್ತಿರಿ, ಮೀನಖಂಡ ಬಿಗಿದು ಸಡಿಲಿಸಿ. ಹೊರಗಿಂದ ಯಾರಿಗೂ ಕಾಣುವುದಿಲ್ಲ. ಖಾಲಿ ಹೊಟ್ಟೆಯಲ್ಲಂತೂ ಹೋಗಲೇಬೇಡಿ. ಹೊಸ ಬೂಟನ್ನು ಬಂದೋಬಸ್ತ್ ದಿನವೇ ಮೊದಲು ಹಾಕಿದರೆ ಹಿಮ್ಮಡಿ ಸುಲಿಯುವುದು ಖಂಡಿತ. ನಾಲ್ಕೈದು ದಿನ ಮೊದಲೇ ಮನೆಯಲ್ಲಿ ಹಾಕಿ ಓಡಾಡಿ.

ಡ್ಯೂಟಿಗೆ ಹೋದಲ್ಲಿ ಬಂದ ಹೊತ್ತು, ಬಿಟ್ಟ ಹೊತ್ತು ಎರಡಕ್ಕೂ ಸಹಿ ಮಾಡಿ. ರಾತ್ರಿ ಜಾತ್ರೆ ಮುಗಿದಾಗ ಎಲ್ಲರೂ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಎರಡನೇ ಸಹಿಯೇ ಮರೆತುಹೋಗುತ್ತದೆ. ಹಾಜರಿ ಪುಟದ ಫೋಟೊ ತೆಗೆದಿಟ್ಟುಕೊಂಡರೆ ಬಿಲ್ಲಿನಲ್ಲಿ ದಿನ ಕಡಿಮೆಯಾದಾಗ ತೋರಿಸಲು ಆಧಾರ ಇರುತ್ತದೆ.

ಚುನಾವಣೆಯಲ್ಲಿ ಪರರ ಮತಗಟ್ಟೆ ಕಾಯುತ್ತಾ ಸ್ವಂತ ಮತ ಕಳೆದುಕೊಳ್ಳಬೇಡಿ. ಡ್ಯೂಟಿ ಬೇರೆ ಕ್ಷೇತ್ರದಲ್ಲಿದ್ದರೆ ಅಂಚೆ ಮತಕ್ಕೆ ನಮೂನೆ 12ರ ಅರ್ಜಿಯನ್ನು ಮತದಾನಕ್ಕೆ ಕನಿಷ್ಠ 7 ದಿನ ಮೊದಲು ಕೊಡಿ. ಸ್ವಂತ ಕ್ಷೇತ್ರದಲ್ಲೇ ಇದ್ದರೆ ನಮೂನೆ 12ಎ, ಕನಿಷ್ಠ 4 ದಿನ ಮೊದಲು; ಅದರಿಂದ ಸಿಗುವ ಚುನಾವಣಾ ಕರ್ತವ್ಯ ಪ್ರಮಾಣಪತ್ರ ತೋರಿಸಿ ಡ್ಯೂಟಿಯ ಮತಗಟ್ಟೆಯಲ್ಲೇ ಮತ ಹಾಕಬಹುದು. ಅರ್ಜಿಗೆ ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮಸಂಖ್ಯೆ ಬೇಕು. ಡ್ಯೂಟಿ ಆದೇಶ ಕೈಗೆ ಬಂದ ದಿನವೇ ನೋಡಿ ಬರೆದಿಟ್ಟುಕೊಳ್ಳಿ.