ಮೊದಲ ಸಲ ಇಡೀ ರಾತ್ರಿ ಆಟ ನೋಡಲು ಹೊರಟವರಿಗೆ

ಬೆಂಗಳೂರಿನ ಗೆಳೆಯರು ಯಕ್ಷಗಾನ ನೋಡಬೇಕು ಅಂದಾಗ ನಾನು ಮೊದಲು ಕೇಳುವುದು ಒಂದೇ: ಹಾಲ್‌ನಲ್ಲೋ, ಗದ್ದೆಯಲ್ಲೋ? ಹಾಲ್‌ನಲ್ಲಾದರೆ ಯಾರ ಸಲಹೆಯೂ ಬೇಡ. ಟಿಕೆಟ್ ತಗೊಂಡು ಕೂತರೆ ಆಯ್ತು. ನಾನು ಹೇಳಹೊರಟಿರುವುದು ಬಯಲಾಟದ, ಅಂದರೆ ಗದ್ದೆ ಬಯಲಲ್ಲಿ ಆಡುವ ಯಕ್ಷಗಾನದ ಬಗ್ಗೆ. ಅದರಲ್ಲೂ ನಮ್ಮ ದಕ್ಷಿಣ ಕನ್ನಡದ ತೆಂಕುತಿಟ್ಟಿನ (ತೆಂಕಣ ಶೈಲಿಯ) ಹರಕೆ ಆಟ, ಕಟೀಲು ದೇವಸ್ಥಾನದ ಮೇಳ (ಕಲಾವಿದರ ತಂಡ) ಆಡುವ ದೇವಿ ಮಹಾತ್ಮೆ. ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆಯ ಪ್ರಸಂಗ ಇಲ್ಲ ಅನ್ನುವುದು ನನ್ನ ಹಟ. ಕಥೆ ಅರ್ಧ ಗೊತ್ತೇ ಇರುತ್ತದೆ, ವೇಷಗಳು ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ, ನಡುರಾತ್ರಿಯ ಮೇಲೆ ಬೆಂಕಿಯೂ ಇದೆ.

ಮೇಳಗಳು ತಿರುಗಾಟಕ್ಕೆ ಹೊರಡುವುದು ನವೆಂಬರ್–ಡಿಸೆಂಬರ್ ಹೊತ್ತಿಗೆ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆ ಅನ್ನುವ ತುಳುವರ ವಿಶೇಷ ದಿನಕ್ಕೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತಾರೆ. ಜುಲೈಯಲ್ಲಿ ಬಂದು ಬಯಲಾಟ ಎಲ್ಲಿ ಅಂತ ಕೇಳಿದರೆ ನಾನೇನು ಮಾಡಲಿ? ಜನವರಿ, ಫೆಬ್ರವರಿ ಒಳ್ಳೆಯದು. ಕೊಯ್ಲು ಮುಗಿದು ಗದ್ದೆ ಒಣಗಿರುತ್ತದೆ, ಸೆಖೆಯೂ ಇರುವುದಿಲ್ಲ. ಇವತ್ತು ಯಾವ ಮೇಳ ಎಲ್ಲಿ ಅಂತ ಮಂಗಳೂರು ಕಡೆಯ ಪತ್ರಿಕೆಗಳಲ್ಲಿ ದಿನಾ ಪಟ್ಟಿ ಬರುತ್ತದೆ. ಹೊರಡುವ ಮೊದಲು ಇನ್ನೊಂದು ಮಾತು ವಿಚಾರಿಸಿಕೊಳ್ಳಿ: ಕಾಲಮಿತಿಯೋ, ಇಡೀ ರಾತ್ರಿಯೋ? ಈಗ ಎಷ್ಟೋ ಕಡೆ ನಡುರಾತ್ರಿಗೇ ಮಂಗಳ ಹಾಡುತ್ತಾರೆ. ಅದೂ ಆಟವೇ, ಬೇಡ ಅನ್ನುವುದಿಲ್ಲ. ಆದರೆ ಬೆಳಗಿನ ತನಕ ಕೂತು ನೋಡುವ ಆಟದ ಓಟವೇ ಬೇರೆ.

ಕರೆಯದೆ ಹೋಗುವುದು ಹೇಗೆ ಅಂತ ಮೈಸೂರು ಕಡೆಯವರು ತುಂಬಾ ಹಿಂಜರಿಯುತ್ತಾರೆ. ಹರಕೆ ಆಟ ಅಂದರೆ ಒಂದು ಮನೆಯವರು ದೇವಿಗೆ ಹರಕೆ ಹೊತ್ತು, ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ, ಸರದಿ ಬಂದಾಗ ಆಡಿಸುವ ಸೇವೆ. ಅದಕ್ಕೆ ಟಿಕೆಟೂ ಇಲ್ಲ, ಆಮಂತ್ರಣವೂ ಬೇಡ. ಏಳು ಗಂಟೆಗೆ ಹೋದರೆ ಗುರುತಿಲ್ಲದವರೇ ಬಂದು “ಊಟ ಆಯ್ತಾ?” ಅಂತ ಕೇಳುತ್ತಾರೆ. ಆಗಿಲ್ಲ ಅಂದರೆ ಪಂಕ್ತಿಯಲ್ಲಿ ಕೂರಿಸಿಯೇ ಬಿಡುತ್ತಾರೆ. ನಾಚಿಕೆ ಬಿಟ್ಟು ಉಣ್ಣಿ. ಒಂದು ಚಾಪೆ, ಒಂದು ಶಾಲು ಇರಲಿ. ಎರಡು ಗಂಟೆ ಕಳೆದ ಮೇಲೆ ಇಬ್ಬನಿ ನೆತ್ತಿಗೆ ಇಳಿಯುತ್ತದೆ, ಮಫ್ಲರ್ ಇದ್ದವನೇ ಜಾಣ.

ಊಟ ಮುಗಿದದ್ದೇ ಚೌಕಿಗೆ ಹೋಗಿ. ರಂಗಸ್ಥಳದಿಂದ ಸ್ವಲ್ಪ ದೂರದಲ್ಲಿ ಕಲಾವಿದರು ಬಣ್ಣ ಹಾಕಿಕೊಳ್ಳುವ ಜಾಗ ಅದು. ಚಪ್ಪಲಿ ಹೊರಗೆ ಬಿಡಿ. ಒಳಗೆ ದೇವರಿದೆ, ಪೂಜೆ ಆಗುವುದೂ ಅಲ್ಲೇ. ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೂ ಕ್ರಮ ಇದೆ. ಹಾಗಾಗಿ ಪೆಟ್ಟಿಗೆಗಳ ನಡುವೆ ಸುಮ್ನೆ ಓಡಾಡಬೇಡಿ, ಒಂದು ಬದಿಗೆ ನಿಂತುಕೊಳ್ಳಿ. ಬಣ್ಣದ ವೇಷದವರು, ಅಂದರೆ ಮಹಿಷಾಸುರನಂಥ ರಕ್ಕಸ ಪಾತ್ರದವರು, ಎಲ್ಲಿದ್ದಾರೆ ನೋಡಿ. ಕೈಯಲ್ಲೊಂದು ಸಣ್ಣ ಕನ್ನಡಿ. ಮೊದಲು ಕೆಂಪು, ಹಳದಿ, ಕಪ್ಪಿನಲ್ಲಿ ಮುಖ ಬರೆದುಕೊಳ್ಳುತ್ತಾರೆ. ಆಮೇಲೆ ಅಕ್ಕಿ ಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಚುಕ್ಕಿ ಚುಕ್ಕಿಯಾಗಿ ಮುಖದ ಮೇಲೆ ಇಡುತ್ತಾ ಹೋಗುತ್ತಾರೆ. ಇದಕ್ಕೆ ಚುಟ್ಟಿ ಅನ್ನುತ್ತಾರೆ. ಒಂದು ಸಾಲು ಇಟ್ಟು, ಒಣಗಲು ಬಿಟ್ಟು, ಅದರ ಮೇಲೆ ಇನ್ನೊಂದು. ಮುಳ್ಳು ಎದ್ದ ಹಾಗೆ ಅದು ನಿಲ್ಲಬೇಕು. ಗಂಟೆಗಟ್ಟಲೆಯ ಕೆಲಸ. ಒಂದು ಹಂತ ದಾಟಿದ ಮೇಲೆ ಅವರು ನಗುವುದಿಲ್ಲ, ಮಾತೂ ಆಡುವುದಿಲ್ಲ. ಆಡಿದರೆ ಚುಟ್ಟಿ ಉದುರುತ್ತದಲ್ವಾ? ಆಗ ಹೋಗಿ ‘ಸರ್, ಒಂದು ಸೆಲ್ಫಿ’ ಅನ್ನಬೇಡಿ. ಫೋಟೋ ಬೇಕಾದರೆ ಮೊದಲೇ ಕೇಳಿ, ಫ್ಲ್ಯಾಶ್ ಹಾಕದೆ ತೆಗೆಯಿರಿ.

ಕೂರುವ ಜಾಗದ ಬಗ್ಗೆ ನನ್ನ ಅಜ್ಜಿಯ ಲೆಕ್ಕ ಪಕ್ಕಾ ಇತ್ತು. ಭಾಗವತರ ಮುಖ ಕಾಣಬೇಕು, ಮೈಕಿನ ಪೆಟ್ಟಿಗೆ ಕಿವಿಗೆ ಬೀಳಬಾರದು, ಜನ ಓಡಾಡುವ ದಾರಿ ಪಕ್ಕದಲ್ಲೇ ಇರಬೇಕು. ಮುಂದಿನ ಸಾಲಿನ ಕುರ್ಚಿ ಸಿಕ್ಕಿತು ಅಂತ ಹಿಗ್ಗಬೇಡಿ. ಹತ್ತಿರ ಕೂತರೆ ಚೆಂಡೆಯ ಪೆಟ್ಟು ಎದೆಗೇ ಬೀಳುತ್ತದೆ, ಮಕ್ಕಳಿದ್ದರೆ ಕಷ್ಟ. ಭಾಗವತರು ಯಾಕೆ ಕಾಣಬೇಕು ಅಂದರೆ ಆಟ ನಡೆಸುವವರು ಅವರೇ. ಪದ ಹಾಡುತ್ತಾ ವೇಷಧಾರಿಯನ್ನು ಕುಣಿಸುವವರು, ಮಾತು ಎಳೆದಾಡಿದರೆ ಮುಂದಿನ ಪದ ಎತ್ತಿ ಮುಗಿಸುವವರು. ಅವರ ಕಣ್ಣು ಯಾರ ಮೇಲಿದೆ ನೋಡುತ್ತಿರಿ, ಮುಂದೆ ಏನಾಗುತ್ತದೆ ಅಂತ ಅರ್ಧ ಗೊತ್ತಾಗುತ್ತದೆ.

ಮೊದಲಿಗೆ ಪೂರ್ವರಂಗ, ಅಂದರೆ ಕಥೆ ಶುರುವಾಗುವ ಮೊದಲಿನ ಕುಣಿತ: ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷಗಳು. ಕಲಿಯುವ ಹುಡುಗರಿಗೆ ಹೆಜ್ಜೆ ಗಟ್ಟಿಯಾಗುವುದು ಇಲ್ಲೇ. ಹೆಚ್ಚಿನವರು ಈ ಹೊತ್ತಿನಲ್ಲಿ ಚರುಮುರಿ ಗಾಡಿ ಹತ್ತಿರ ಇರುತ್ತಾರೆ. ನೀವು ಕೂತೇ ನೋಡಿ. ಕಥೆಯ ಭಾರ ಇಲ್ಲದೆ ತಾಳ, ಹೆಜ್ಜೆ ಮಾತ್ರ ಕಾಣಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಇನ್ನು ಮಾತು. ಮಂಡ್ಯದ ನನ್ನ ಗೆಳೆಯನೊಬ್ಬ ಅರ್ಧ ಗಂಟೆ ಕೇಳಿ, “ಗುರೂ, ಇದು ಕನ್ನಡವೇ ತಾನೇ?” ಅಂದಿದ್ದ. ಕನ್ನಡವೇ, ಪುಸ್ತಕದ ಕನ್ನಡ. ಇಂಗ್ಲಿಷ್ ಪದ ಬಾಯ್ತಪ್ಪಿ ಬಂದರೂ ಪ್ರೇಕ್ಷಕರು ಬಿಡುವುದಿಲ್ಲ. ಪದ್ಯ ಮಾತ್ರ ಬರೆದದ್ದು, ಅರ್ಥ ಹೇಳುವ ಮಾತು ಅಲ್ಲೇ ಕಟ್ಟುವಂಥದ್ದು. ಪದ ಹಾಡುವಾಗ ಪ್ರತಿ ಶಬ್ದ ಹಿಡಿಯಲು ಹೋಗಬೇಡಿ. ಯಾರ ಹೆಸರು ಬಂತು, ಸಿಟ್ಟೋ ದುಃಖವೋ, ಅಷ್ಟು ಸಿಕ್ಕಿದರೆ ಸಾಕು. ಹಿಂದೆಯೇ ಬರುವ ಮಾತಿನಲ್ಲಿ ಉಳಿದದ್ದು ಸಿಗುತ್ತದೆ. ದೇವಿ ಮಹಾತ್ಮೆಯ ಸರಣಿ ಇಷ್ಟು: ತ್ರಿಮೂರ್ತಿಗಳು, ಮಧು–ಕೈಟಭರು, ಮಾಲಿನಿಯ ಕಥೆ, ಅವಳ ಮಗ ಮಹಿಷಾಸುರ, ಆಮೇಲೆ ಚಂಡ–ಮುಂಡರು, ರಕ್ತಬೀಜ, ಶುಂಭ–ನಿಶುಂಭರು. ಇದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ನಿದ್ದೆಯ ವಿಷಯಕ್ಕೆ ಬರೋಣ. ಮಲಗಿ! ಆಟದಲ್ಲಿ ನಿದ್ದೆ ಮಾಡುವುದು ಅವಮಾನ ಅಲ್ಲ. ಮಧು–ಕೈಟಭರ ಯುದ್ಧ ಮುಗಿದದ್ದೇ ಅಜ್ಜಿ ಚಾಪೆಯಲ್ಲಿ ಉರುಳುತ್ತಿದ್ದರು, ಮಹಿಷಾಸುರನ ಹೊತ್ತಿಗೆ ಯಾರೂ ಎಬ್ಬಿಸದೆ ಎದ್ದು ಕೂರುತ್ತಿದ್ದರು. ನಿಮಗೆ ಆ ಅಭ್ಯಾಸ ಇರುವುದಿಲ್ಲ, ಪಕ್ಕದವರಿಗೆ ಎಬ್ಬಿಸಲು ಹೇಳಿಡಿ. ಖಂಡಿತ ಎಬ್ಬಿಸುತ್ತಾರೆ.

ಆ ಪ್ರವೇಶವನ್ನು ಮಲಗಿ ಕಳೆದುಕೊಂಡರೆ ಬಂದದ್ದೇ ದಂಡ. ಮಹಿಷಾಸುರ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ. ಗದ್ದೆಯ ಆಚೆ ಬದಿಯಿಂದ, ಜನರ ಬೆನ್ನ ಹಿಂದಿನಿಂದ ಬರುತ್ತಾನೆ. ಊರ ಹುಡುಗರು ಎರಡೂ ಬದಿಗೆ ದೊಂದಿ (ಪಂಜು) ಹಿಡಿದಿರುತ್ತಾರೆ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ ಅಂತ ಮೇಲೇಳುತ್ತದೆ. ಆ ಬೆಳಕಿನಲ್ಲಿ ಎರಡು ಕೊಂಬು, ಬಿಳಿ ಚುಟ್ಟಿ, ಕೆಂಪು ಮುಖ ಕಂಡು, ಮತ್ತೆ ಕತ್ತಲು. ಚೆಂಡೆಯ ಜತೆ ಅವನ ಆರ್ಭಟ. ಮಕ್ಕಳು ಅಳುತ್ತಾರೆ, ದೊಡ್ಡವರು ಕುರ್ಚಿ ಹತ್ತುತ್ತಾರೆ. ದಾರಿ ಪಕ್ಕದಲ್ಲಿ ಕೂರಿ ಅಂದದ್ದು ಇದಕ್ಕೇ. ದಾರಿಯ ಒಳಗೆ ಮಾತ್ರ ನಿಲ್ಲಬೇಡಿ. ಕಿಡಿ ಹಾರುತ್ತದೆ, ಶಾಲು, ಸೆರಗು ಒಳಗೆ ಎಳೆದುಕೊಳ್ಳಿ. ವಿಡಿಯೋ ಮಾಡುವವರು ನೂರು ಜನ ಇರುತ್ತಾರೆ, ನಾಳೆ ಯೂಟ್ಯೂಬಿನಲ್ಲಿ ಸಿಗುತ್ತದೆ. ಫೋನ್ ಕಿಸೆಯಲ್ಲಿಟ್ಟು ನೋಡಿ.

ಮಹಿಷನ ವಧೆ ಆದದ್ದೇ ಅರ್ಧ ಜನ ಗಾಡಿ ಸ್ಟಾರ್ಟ್ ಮಾಡುತ್ತಾರೆ. ನೀವು ಹೋಗಬೇಡಿ. ಒಂದು ಚಾ ಕುಡಿದು ಬನ್ನಿ, ಈಗ ಮುಂದಿನ ಜಾಗ ಸಿಗುತ್ತದೆ. ಕೌಶಿಕೆಯಾಗಿ ಬಂದ ದೇವಿ ಉಯ್ಯಾಲೆಯಲ್ಲಿ ಕೂತಿರುತ್ತಾಳೆ. ರಕ್ತಬೀಜನಿಗೆ ಒಳ್ಳೆಯ ಕಲಾವಿದರು ಸಿಕ್ಕಿದ್ದರೆ ಇಡೀ ರಾತ್ರಿಯ ಅತ್ಯುತ್ತಮ ಮಾತು ಕೇಳುವುದು ಈ ಹೊತ್ತಿನಲ್ಲೇ. ಕುಣಿತ ಕಡಿಮೆ, ವಾದ ಜಾಸ್ತಿ. ನನಗಂತೂ ಬೆಂಕಿಗಿಂತ ಇದೇ ಇಷ್ಟ. ಗೆಳೆಯರು ಒಪ್ಪುವುದಿಲ್ಲ, ಬಿಡಿ.

ಬೆಳಿಗ್ಗೆ ಮಂಗಳ ಹಾಡುವಾಗ ಎದ್ದು ನಿಂತು, ಪ್ರಸಾದ ತಗೊಂಡು ಹೊರಡಿ. ರಾತ್ರಿಯೆಲ್ಲ ಎಚ್ಚರ ಇದ್ದವರು ಕೂಡಲೇ ಶಿರಾಡಿ ಘಾಟಿ ಹತ್ತಬೇಡಿ. ಮಂಗಳೂರಿನಲ್ಲೋ ಪುತ್ತೂರಿನಲ್ಲೋ ರೂಮ್ ಮಾಡಿ ಮಧ್ಯಾಹ್ನದ ತನಕ ಮಲಗಿ. ಇದು ಹಿಡಿಸಿದರೆ ಮುಂದಿನ ಸಲ ಉಡುಪಿ ದಾಟಿ ಮಂದಾರ್ತಿ ಅಥವಾ ಮಾರಣಕಟ್ಟೆ ಮೇಳದ ಬಡಗುತಿಟ್ಟು (ಬಡಗಣ ಶೈಲಿ) ನೋಡಿ. ಮುಂಡಾಸು, ಚೆಂಡೆ, ಹೆಜ್ಜೆ ಎಲ್ಲವೂ ಬೇರೆ. ಇಲ್ಲಿ ಧಿಗಿಣ (ಹಾರಿ ಸುತ್ತುವ ಕುಣಿತ) ಎಣಿಸಿದವರು ಅಲ್ಲಿ ಮಂಡಿ (ಮೊಣಕಾಲೂರಿ ಸುತ್ತುವ ಕುಣಿತ) ಎಣಿಸಬಹುದು. ಬರುವ ಮೊದಲು ಒಂದು ಮೆಸೇಜ್ ಹಾಕಿ, ಯಾವ ಮೇಳ ಎಲ್ಲಿದೆ ಅಂತ ನೋಡಿ ಹೇಳುತ್ತೇನೆ.