ಕ್ಲಚ್ ಪ್ಲೇಟ್ ಕೂರಲಿಲ್ಲ: ನನ್ನ ಮಾರಿಸ್ ಮೈನರ್ ರಿಪೇರಿ

ನನ್ನ ಮಾರಿಸ್ ಮೈನರ್ ಬ್ರಿಟನ್ನಿನ ಹಳೆಯ ಪುಟ್ಟ ಕಾರು. ಎಂಜಿನ್ ಇಳಿಸಿ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಹಳೆಯ ಕ್ಲಚ್ ಪ್ಲೇಟ್ ಬಿಚ್ಚಿ, ಹೊಸದನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ಹೊಸದು ಪೂರ್ತಿ ಒಂದು ಇಂಚು ಚಿಕ್ಕದು. ಕಾಗದಪತ್ರದಲ್ಲಿ 1957ರ ಮಾರಿಸ್ ಮೈನರ್ 1000 ಅಂತಿತ್ತು. ಆ ವರ್ಷದ ಗಾಡಿಗೆ 948 ಸಿಸಿ ಎಂಜಿನ್, ಆರೂಕಾಲು ಇಂಚಿನ ಕ್ಲಚ್. ನಾನು ತರಿಸಿದ್ದೂ ಅದನ್ನೇ. ಆದರೆ ಒಳಗಿದ್ದದ್ದು ಏಳೂಕಾಲು ಇಂಚಿನದು.

ಟಾರ್ಚ್ ಹಿಡಿದು ಎಂಜಿನ್ ನಂಬರ್ ಓದಿದೆ. 9ಎಂ ಅಂತ ಶುರುವಾಗಬೇಕಿತ್ತು, 10ಎಂಎ ಅಂತಿತ್ತು. ಗೇರ್‌ಬಾಕ್ಸ್ ಮೈಮೇಲೆ ಏಣುಗಳಿದ್ದವು. 948ರ ಗೇರ್‌ಬಾಕ್ಸ್ ನುಣುಪಾಗಿರುತ್ತದೆ. ಅಂದರೆ ಯಾರೋ 1962ರ ನಂತರದ 1098 ಸಿಸಿ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಇದಕ್ಕೆ ಕೂರಿಸಿದ್ದರು. ಮಾರಿದವರು ಈ ವಿಷಯ ಹೇಳಿರಲಿಲ್ಲ.

ಮೈನರ್ ರಿಪೇರಿ ಮಾಡುವವರು ಮೊದಲು ಕಲಿಯಬೇಕಾದ್ದು ಇದನ್ನೇ. ಕಾಗದದ ಮೇಲಿನ ವರ್ಷ ಒಂದು, ಕೈಯಲ್ಲಿರುವ ಭಾಗದ ವರ್ಷ ಇನ್ನೊಂದು. ಅವತ್ತಿನಿಂದ ಯಾವ ಭಾಗ ಯಾವ ಮಾಡೆಲ್‌ನದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ. ಹಾಗೆ ಬರೆಯುತ್ತಾ ಹೋದಾಗ ಈ ಕಾರು ಬೆಳೆದ ದಾರಿ ನನಗೆ ಅರ್ಥವಾಗಿದ್ದು.

ನಾನಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ. ಮೈನರ್ ಹುಟ್ಟಿದ ಕೌಲಿ ಇಲ್ಲಿಂದ ದೂರವಿಲ್ಲ, ಆಕ್ಸ್‌ಫರ್ಡ್ ಪಕ್ಕದಲ್ಲೇ ಇದೆ. ಹಾಸನದಲ್ಲಿ ನಮ್ಮ ದೊಡ್ಡಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಅದರ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಾಗಾಗಿ ಈ ಗುಂಡು ಮೈ, ಈ ಬಾನೆಟ್ ನೋಡಿದರೆ ನನಗೆ ಮನೆಯ ನೆನಪಾಗುತ್ತದೆ.

ಮೈನರ್ ಹೊರಬಂದಿದ್ದು 1948ರಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರ್ ಶೋನಲ್ಲಿ. ರೂಪಿಸಿದವರು ಅಲೆಕ್ ಇಸಿಗೋನಿಸ್. ಮಾದರಿ ಕಾರು ತಯಾರಾದ ಮೇಲೂ ಅವರಿಗೆ ಅದು ಕಿರಿದು ಅನ್ನಿಸಿತು. ಉದ್ದಕ್ಕೆ ಎರಡು ಸೀಳಾಗಿ ಕತ್ತರಿಸಿ, ನಾಲ್ಕು ಇಂಚು ಅಗಲ ಮಾಡಿ ನೋಡಿದರು. ಅದೇ ಅಳತೆ ಕೊನೆಯವರೆಗೂ ಉಳಿಯಿತು. ಬಾನೆಟ್ ನಡುವಿನ ಉಬ್ಬುಪಟ್ಟಿಯ ಮೇಲೆ ಕೈಯಾಡಿಸಿದರೆ ಆ ನಾಲ್ಕು ಇಂಚು ಇವತ್ತಿಗೂ ಸಿಗುತ್ತದೆ. ನಾನಂತೂ ಪಾಲಿಶ್ ಹಾಕುವಾಗ ಪ್ರತಿ ಸಲ ಅಲ್ಲಿ ನಿಲ್ಲುತ್ತೇನೆ.

ಇಸಿಗೋನಿಸ್ ಯೋಚಿಸಿದ್ದು ನಾಲ್ಕು ಸಿಲಿಂಡರ್‌ಗಳು ಎರಡೆರಡಾಗಿ ಎರಡೂ ಪಕ್ಕಕ್ಕೆ ಮಲಗಿದ ಎಂಜಿನ್. ಅದಕ್ಕಾಗಿಯೇ ಎಂಜಿನ್ ಕೂರುವ ಜಾಗ ಅಷ್ಟು ಅಗಲ. ಆ ಎಂಜಿನ್ ಬರಲೇ ಇಲ್ಲ. ಬದಲಿಗೆ ಯುದ್ಧಕ್ಕೂ ಮುಂಚಿನ ಮಾರಿಸ್ ಎಯ್ಟ್ ಕಾರಿನ 918 ಸಿಸಿಯ ಹಳೆ ಬಗೆಯ ಸೈಡ್ ವಾಲ್ವ್ ಎಂಜಿನ್ ಹಾಕಿದರು. ಆದರೆ ಜಾಗ ಹಾಗೇ ಉಳಿಯಿತು. 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಒಂದಾದ ಮೇಲೆ ಆಸ್ಟಿನ್‌ನ 803 ಸಿಸಿ ಎ-ಸೀರೀಸ್ ಎಂಜಿನ್ ಬಂತು. 1956ರಲ್ಲಿ 948, ಜೊತೆಗೆ ಎರಡು ತುಂಡಿನ ಮುಂಗಾಜು ಹೋಗಿ ಒಂದೇ ಗಾಜು. 1962ರಲ್ಲಿ 1098. ಕೊನೆಯ ಮೂರೂ ಒಂದೇ ಬಳಗದವು. ನನ್ನ ಕಾರಿಗೆ ದೊಡ್ಡ ಎಂಜಿನ್ ಅಷ್ಟು ಸುಲಭವಾಗಿ ಕೂತಿದ್ದು ಅದಕ್ಕೇ.

ಮೊದಲೇ ಜಾಗ ಬಿಟ್ಟಿದ್ದರೆ ಮುಂದೆ ದೊಡ್ಡದನ್ನು ಕೂರಿಸಬಹುದು. ದಕ್ಷಿಣ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂಗೆ ಹೋದಾಗ ಈ ಮಾತು ಇನ್ನೂ ಚೆನ್ನಾಗಿ ತಲೆಗೆ ಹೋಯಿತು. ಅಲ್ಲಿನ ಕ್ರುಸೇಡರ್ ಟ್ಯಾಂಕ್ ಕೂಡ ಮಾರಿಸ್ ಒಡೆಯ ಲಾರ್ಡ್ ನಫೀಲ್ಡ್ ಬಳಗದ್ದೇ. ಅದು 40 ಮಿ.ಮೀ. ತೋಪಿಗೆ ಅಂತ ಮಾಡಿದ್ದು. ಆಮೇಲೆ 57 ಮಿ.ಮೀ. ತೋಪು ತುರುಕಿದಾಗ ಗೋಪುರದಲ್ಲಿ, ಅಂದರೆ ತೋಪು ಕೂರುವ ಮೇಲಿನ ಗೂಡಿನಲ್ಲಿ, ಮೂವರಿಗೆ ಜಾಗ ಸಾಲಲಿಲ್ಲ, ಇಬ್ಬರಷ್ಟೇ ಉಳಿದರು. ಕಮಾಂಡರೇ ಗುಂಡು ತುಂಬಬೇಕಾಯಿತು. ಆಮೇಲೆ ಬಂದ ಬ್ರಿಟಿಷ್ ಟ್ಯಾಂಕ್ ಸೆಂಚುರಿಯನ್‌ನಲ್ಲಿ ಹಾಗಾಗಲಿಲ್ಲ. ಮೊದಲು 76 ಮಿ.ಮೀ., ಆಮೇಲೆ 84, ಆಮೇಲೆ 105. ತೋಪು ದೊಡ್ಡದಾಗುತ್ತಾ ಹೋದರೂ ಗೋಪುರ ತಡೆದುಕೊಂಡಿತು. 1965ರ ಪಾಕಿಸ್ತಾನ ಯುದ್ಧದಲ್ಲಿ, ಪಂಜಾಬಿನ ಅಸಲ್ ಉತ್ತರ್ ಹಳ್ಳಿಯ ಬಳಿ ನಮ್ಮ ಸೇನೆ ಓಡಿಸಿದ್ದೂ ಸೆಂಚುರಿಯನ್ ಅಲ್ವಾ. ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ.

ಮನೆಗೆ ಬಂದು ಬ್ರೇಕ್ ನೋಡಿದೆ. ಎಂಜಿನ್ ಬದಲಿಸಿದವರು ಬ್ರೇಕ್ ಮುಟ್ಟಿರಲಿಲ್ಲ. ಕಾರ್ಖಾನೆಯವರು 1098 ಎಂಜಿನ್ ಕೊಟ್ಟಾಗ ಮುಂದಿನ ಡ್ರಮ್‌ಗಳನ್ನು 7 ಇಂಚಿನಿಂದ 8 ಇಂಚಿಗೆ ಏರಿಸಿದ್ದರು. ನನ್ನದರಲ್ಲಿ ಇನ್ನೂ 7 ಇಂಚು. ದಯವಿಟ್ಟು ಹೀಗೆ ಬಿಡಬೇಡಿ. ಶಕ್ತಿ ಹೆಚ್ಚಿಸಿದ ಮೇಲೆ ನಿಲ್ಲಿಸುವ ಬಲವೂ ಹೆಚ್ಚಬೇಕು. ಡ್ರಮ್, ಶೂ, ಶೂ ಕೂರುವ ಬ್ಯಾಕ್ ಪ್ಲೇಟ್ ಎಲ್ಲವನ್ನೂ 8 ಇಂಚಿಗೆ ಬದಲಿಸಿದೆ. ಎರಡು ಶನಿವಾರ ಹಿಡಿಯಿತು.

ಚಕ್ರ ಬಿಚ್ಚಿದಾಗ ಕೆಳಗಿನ ಟ್ರನಿಯನ್, ಅಂದರೆ ಮುಂದಿನ ಚಕ್ರ ತಿರುಗಲು ಇರುವ ಕೀಲು, ನೋಡಲೇಬೇಕು. ಅದರ ತಿರುಪಿನ ಸುತ್ತುಗಳು (ಥ್ರೆಡ್) ಸವೆದರೆ ಮುಂದಿನ ಚಕ್ರ ಓಡುವಾಗಲೇ ಮಡಚಿ ಬೀಳುತ್ತದೆ. ಜ್ಯಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ನಾನು ಸಾವಿರ ಮೈಲಿಗೊಮ್ಮೆ, ಗಾಡಿ ಜ್ಯಾಕ್ ಮೇಲಿದ್ದಾಗಲೇ ಗ್ರೀಸ್ ಹಾಕುತ್ತೇನೆ.

ಕೊನೆಗೆ ಉಳಿದದ್ದು ಬ್ರೇಕ್ ಮಾಸ್ಟರ್ ಸಿಲಿಂಡರ್, ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಭಾಗ. ಅದು ಡ್ರೈವರ್ ಕಾಲ ಕೆಳಗೆ, ಚಾಸಿ ತೊಲೆಯೊಳಗೆ ಕೂತಿದೆ. ನಟ್ಟು ಬಿಚ್ಚಬಹುದು, ಬೋಲ್ಟು ಈಚೆ ಬರುವುದಿಲ್ಲ. ಸಸ್ಪೆನ್ಷನ್ನಿನ ಟಾರ್ಷನ್ ಬಾರ್, ಅಂದರೆ ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ, ಅಡ್ಡ ಇದೆ. ಆ ಕಂಬಿ ಬಿಗಿಯಾಗಿ ತಿರುಚಿಕೊಂಡಿರುತ್ತದೆ. ಅದರ ಬಿಗಿ ಇಳಿಸದೆ ಸುಮ್ನೆ ಬಿಚ್ಚಲು ಹೋದರೆ ಕೈ ಹೋಗುತ್ತದೆ. ನಿಧಾನವಾಗಿ ಬಿಗಿ ಇಳಿಸಿ, ಕಂಬಿ ಸರಿಸಿ, ಬೋಲ್ಟು ಎಳೆದೆ. ಅರ್ಧ ದಿನದ ಕೆಲಸ. ಹೊಸ ಸಿಲಿಂಡರ್ ಕೂರಿಸುವಾಗ ಬೋಲ್ಟುಗಳನ್ನು ಎದುರು ಕಡೆಯಿಂದ ತೂರಿಸಿ, ಕಂಬಿಯ ಕಡೆಗೆ ನಟ್ಟು ಹಾಕಿದೆ. ಮುಂದೆ ಇದನ್ನು ಬಿಚ್ಚುವವರು ಕಂಬಿ ಮುಟ್ಟಬೇಕಾಗಿಲ್ಲ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಕಾರಿನ ಕಾಗದಪತ್ರದ ಜೊತೆ ಇಟ್ಟಿದ್ದೇನೆ.