ಪಿಕಪ್ ಬಾಗಿಲು ತೆರೆಯದಾಗ ನಾನು ಮಾಡುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಓಡುವ ಪಿಕಪ್‌ಗಳಿಗೆ ಬಾಗಿಲು ಸಿಕ್ಕಿಕೊಳ್ಳುವ ತೊಂದರೆ ಹೆಚ್ಚು. ಕಡಲ ಉಪ್ಪುಗಾಳಿ, ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಕೆಂಪುಕಲ್ಲಿನ ಹುಡಿ, ಮೂರೂ ಸೇರಿ ಲಾಕನ್ನು ತಿನ್ನುತ್ತವೆ. ಮೀನು ಸಾಗಿಸುವ ಗಾಡಿಯಾದರೆ ಐಸ್ ಕರಗಿದ ಉಪ್ಪುನೀರು ಬೇರೆ. ಬದಿಯಡ್ಕ, ಪೆರ್ಲದ ಅಡಿಕೆ ತೋಟಗಳಿಗೆ ಹೋಗುವ ಗಾಡಿಗಳಲ್ಲಿ ಇನ್ನೊಂದು ಕಾರಣ ಉಂಟು: ಮೈಲುತುತ್ತು (ತಾಮ್ರದ ಸಲ್ಫೇಟ್). ಅಡಿಕೆಗೆ ಸಿಂಪಡಿಸಲು ಅದನ್ನು ಸುಣ್ಣದ ಜೊತೆ ಬೆರೆಸಿ ಮಾಡುವ ಬೋರ್ಡೋ ದ್ರಾವಣದಲ್ಲಿ ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿಯ ಮೇಲೆ ತಾಮ್ರ ಕೆಂಪಾಗಿ ಕೂರುವುದನ್ನು ಕೃಷಿಕರೆಲ್ಲ ನೋಡಿದ್ದಾರೆ. ಕಬ್ಬಿಣ ಕರಗಿದ ಜಾಗದಲ್ಲೇ ಆ ತಾಮ್ರ ಕೂರುವುದು. ತುತ್ತಿನ ನೀರಿನ ಕೈಯಲ್ಲೇ ಹ್ಯಾಂಡಲ್ ಎಳೆದರೆ, ಲಾಕಿನ ಹತ್ತಿರ ಕ್ಯಾನ್ ಸೋರಿದರೆ, ಒಳಗಿನ ಉಕ್ಕಿಗೂ ಅದೇ ಗತಿ.

ಹಾಗಿದ್ದರೂ ಲಾಕ್ ಪೂರ್ತಿ ಹಾಳಾಗಿ ಹೊಸದು ಹಾಕಬೇಕಾಗಿ ಬರುವುದು ಕಡಿಮೆ. ನಾನು ಬಿಚ್ಚಿದ ಬಾಗಿಲುಗಳಲ್ಲಿ ಹೆಚ್ಚಾಗಿ ಕಂಡದ್ದು ಕೆಲವೇ ರೂಪಾಯಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದದ್ದು, ಇಲ್ಲವೇ ಗ್ರೀಸ್ ಒಣಗಿ ಗಟ್ಟಿಯಾದದ್ದು. ಹಾಗಾಗಿ ಲಾಕ್ ತರಲು ಮಂಗಳೂರಿಗೆ ಹೊರಡುವ ಮೊದಲು ತೊಂದರೆ ಎಲ್ಲಿದೆ ಎಂದು ಪತ್ತೆ ಮಾಡಿ. ಹ್ಯಾಂಡಲನ್ನಂತೂ ಜೋರಾಗಿ ಎಳೆಯಬೇಡಿ. ಹೊರಗಿನ ಹ್ಯಾಂಡಲ್ ಪ್ಲಾಸ್ಟಿಕ್ ಅಥವಾ ಎರಕದ್ದು, ಸುಲಭದಲ್ಲಿ ತುಂಡಾಗುತ್ತದೆ. ಆಮೇಲೆ ಬಾಗಿಲೂ ಇಲ್ಲ, ಹಿಡಿಯಲು ಹ್ಯಾಂಡಲೂ ಇಲ್ಲ.

ಪತ್ತೆ ಮಾಡುವುದು ಕೈಯ ಅನುಭವದಿಂದ. ಮೊದಲು ಲಾಕಿನ ಗುಬ್ಬಿ (ಲಾಕ್ ಮಾಡಲು ಒತ್ತುವ, ತೆಗೆಯಲು ಎತ್ತುವ ಗುಂಡಿ) ಪೂರ್ತಿ ಮೇಲೆ ಬಂದಿದೆಯೇ ನೋಡಿ. ಅದು ಅರ್ಧಕ್ಕೆ ನಿಂತಿದ್ದರೂ ಬಾಗಿಲು ಲಾಕ್ ಆದಂತೆಯೇ. ಕೆಲವು ಲಾಕ್‌ಗಳಲ್ಲಿ ಆಗ ಹ್ಯಾಂಡಲ್ ಸಡಿಲವಾಗಿ ಬರುತ್ತದೆ, ನಾವು ಹ್ಯಾಂಡಲಿನಿಂದ ಲಾಕಿಗೆ ಹೋಗುವ ರಾಡ್ ಕಳಚಿದೆ ಎಂದುಕೊಳ್ಳುತ್ತೇವೆ. ಗುಬ್ಬಿ ಸರಿ ಇದ್ದರೆ ಹೊರಗಿನ ಹ್ಯಾಂಡಲ್, ಒಳಗಿನ ಹ್ಯಾಂಡಲ್ ಎರಡನ್ನೂ ಬೇರೆ ಬೇರೆ ಎಳೆಯಿರಿ. ಒಂದರಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ ಲಾಕ್ ಚೆನ್ನಾಗಿಯೇ ಇದೆ, ತೆರೆಯದ ಕಡೆಯ ರಾಡ್, ಕ್ಲಿಪ್ ಅಥವಾ ಹ್ಯಾಂಡಲಿನಲ್ಲಿ ದೋಷ. ಡಬಲ್ ಕ್ಯಾಬ್ ಗಾಡಿಯ ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆರೆಯದಿದ್ದರೆ ಚೈಲ್ಡ್ ಲಾಕ್ ನೋಡಿ, ಬೇರೇನೂ ಬಿಚ್ಚಬೇಕಿಲ್ಲ.

ಎರಡರಲ್ಲೂ ತೆರೆಯದಿದ್ದಾಗ ಹ್ಯಾಂಡಲ್ ಹೇಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ಬಿಗಿಯಾಗಿದ್ದು ಅರ್ಧಕ್ಕೆ ನಿಂತರೆ ಲಾಕಿನ ಲಿವರ್ ತುಕ್ಕಿನಿಂದ ಹಿಡಿದಿದೆ. ಪೂರ್ತಿ ಬಂದು ಒಳಗೆ ‘ಟಕ್’ ಎಂದರೂ ಬಾಗಿಲು ಬರದಿದ್ದರೆ, ಹಲ್ಲು ಬಿಟ್ಟಿದೆ ಆದರೆ ಕೊಕ್ಕೆ ತಿರುಗುತ್ತಿಲ್ಲ. ಲಾಕಿನೊಳಗೆ ಮುಖ್ಯವಾದವು ಇವೆರಡೇ: ಬಾಗಿಲಿನ ಚೌಕಟ್ಟಿನ ಕಂಬದ ಮೇಲಿನ ಸ್ಟ್ರೈಕರನ್ನು (ಲಾಕ್ ಹಿಡಿದುಕೊಳ್ಳುವ ಲೋಹದ ಗೂಟ ಅಥವಾ ಬಳೆ) ಹಿಡಿಯುವ ಕೊಕ್ಕೆ, ಕೊಕ್ಕೆ ತಿರುಗದಂತೆ ತಡೆಯುವ ಹಲ್ಲು. ಹ್ಯಾಂಡಲ್ ಎತ್ತುವುದು ಹಲ್ಲನ್ನು ಮಾತ್ರ. ಕೊಕ್ಕೆ ತನ್ನ ಸ್ಪ್ರಿಂಗಿನಿಂದಲೇ ಹಿಂದಕ್ಕೆ ತಿರುಗಬೇಕು, ಹಳೆ ಗ್ರೀಸಿಗೆ ಹುಡಿ ಸೇರಿ ಅಂಟಾದರೆ ಸ್ಪ್ರಿಂಗಿನ ಬಲ ಸಾಲುವುದಿಲ್ಲ.

ಇಂಥ ಬಾಗಿಲಿಗೆ ಇಬ್ಬರು ಬೇಕು. ಬಾಗಿಲಿನ ಹಿಂಬದಿಯ ಸಂದಿನಲ್ಲಿ, ಲಾಕ್ ಇರುವ ಎತ್ತರಕ್ಕೆ, ತುಕ್ಕು ಬಿಡಿಸುವ ಸ್ಪ್ರೇಯ ಉದ್ದ ನಳಿಗೆ ತೂರಿಸಿ ಚೆನ್ನಾಗಿ ಹೊಡೆಯಿರಿ. 15-20 ನಿಮಿಷ ಬಿಡಿ. ನಡುವೆ ಆ ಜಾಗಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿರಿ. ಬಳಿಕ ಒಬ್ಬರು ಹ್ಯಾಂಡಲ್ ಎಳೆದು ಹಿಡಿದಿರುವಾಗಲೇ ಇನ್ನೊಬ್ಬರು ಲಾಕಿನ ನೇರಕ್ಕೆ ಅಂಗೈ ಇಟ್ಟು ಬಾಗಿಲನ್ನು ಒಳಕ್ಕೆ ಒತ್ತಿ ಬಿಡಬೇಕು. ಒತ್ತಿದಾಗ ಹಲ್ಲಿನ ಮೇಲಿನ ಭಾರ ಇಳಿಯುತ್ತದೆ, ಬಿಟ್ಟಾಗ ಬಾಗಿಲಿನ ರಬ್ಬರ್ ಹೊರಕ್ಕೆ ತಳ್ಳುತ್ತದೆ. ಬರೀ ಹೊರಕ್ಕೆ ಎಳೆದರೆ ಹಲ್ಲು ಇನ್ನಷ್ಟು ಬಿಗಿಯಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ, ಅಥವಾ ರಾಡ್ ಕಳಚಿದ್ದರೆ, ಮತ್ತೊಂದು ಬಾಗಿಲಿನಿಂದ ಒಳಗೆ ಹೋಗಿ ಪ್ಯಾಡ್ (ಬಾಗಿಲಿನ ಒಳಮೈಯ ಹಲಗೆ) ಬಿಚ್ಚಬೇಕು. ಮೊದಲು ಗಾಜನ್ನು ಪೂರ್ತಿ ಏರಿಸಿ, ಇಲ್ಲದಿದ್ದರೆ ಕೈ ಆಡಿಸಲು ಜಾಗ ಸಿಗುವುದಿಲ್ಲ. ಗಾಜು ಏರಿಸುವ ಹ್ಯಾಂಡಲಿನ ಹಿಂದೆ ಸಾಮಾನ್ಯವಾಗಿ ತಂತಿಯ ಕ್ಲಿಪ್ ಇರುತ್ತದೆ. ಒಂದು ಬಟ್ಟೆಯ ಅಂಚನ್ನು ಹ್ಯಾಂಡಲಿನ ಹಿಂದೆ ಸೇರಿಸಿ ಎರಡೂ ಕೈಯಿಂದ ಆಚೀಚೆ ಉಜ್ಜಿದರೆ ಕ್ಲಿಪ್ ಹಾರಿ ಬರುತ್ತದೆ. ಸೀಟಿನಡಿಗೆ ಹೋದರೆ ಮತ್ತೆ ಸಿಗುವುದಿಲ್ಲ, ಮೇಲಿನಿಂದ ಕೈ ಅಡ್ಡ ಹಿಡಿಯಿರಿ. ಕೈಯಾನಿಕೆಯ ಸ್ಕ್ರೂ, ಒಳ ಹ್ಯಾಂಡಲಿನ ಸುತ್ತ ಇರುವ ಸ್ಕ್ರೂ ತೆಗೆದ ಮೇಲೆ ಪ್ಯಾಡನ್ನು ಕೆಳಗಿನ ಮೂಲೆಯಿಂದ ಬಿಡಿಸಿ. ಪ್ಯಾಡಿನ ಮಧ್ಯೆ ಹಿಡಿದು ಎಳೆದರೆ ಹಲಗೆ ಹರಿದು ಕ್ಲಿಪ್ ಬಾಗಿಲಲ್ಲೇ ಉಳಿಯುತ್ತದೆ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಶೀಟನ್ನು ಹರಿಯದೆ ಮೆಲ್ಲಗೆ ಸುಲಿದು ಪಕ್ಕಕ್ಕೆ ಮಡಚಿಡಿ.

ಕೈ ಹಾಕುವ ಮೊದಲು ದಪ್ಪ ಗ್ಲೌಸ್ ತೊಡಿ, ಕಿಂಡಿಯ ತಗಡಿನ ಅಂಚು ಚೂರಿಯಂತೆ ಕೊಯ್ಯುತ್ತದೆ. ಟಾರ್ಚ್ ಬಿಟ್ಟು ನೋಡಿ: ಲಾಕಿಗೆ ಹೊರ ಹ್ಯಾಂಡಲಿನ ರಾಡ್, ಒಳ ಹ್ಯಾಂಡಲಿನ ರಾಡ್ ಅಥವಾ ಕೇಬಲ್, ಗುಬ್ಬಿಯ ರಾಡ್, ಕೀಯ ರಾಡ್ ಬಂದು ಸೇರುತ್ತವೆ. ಯಾವುದು ನೇತಾಡುತ್ತಿದೆಯೋ ಅದೇ ತೊಂದರೆ. ಹೊರ ಹ್ಯಾಂಡಲನ್ನು ಒಬ್ಬರು ಎಳೆಯುವಾಗ ಯಾವ ಲಿವರ್ ಆಡಬೇಕಿತ್ತು ಎಂದು ನೋಡಿ, ಗುಬ್ಬಿ ಮೇಲಿರುವಾಗ ಆ ಲಿವರನ್ನೇ ಉದ್ದ ಸ್ಕ್ರೂಡ್ರೈವರಿನಿಂದ ಒತ್ತಿದರೆ ಬಾಗಿಲು ತೆರೆಯುತ್ತದೆ. ಸೆಂಟ್ರಲ್ ಲಾಕ್ ಹಾಕಿಸಿದ ಗಾಡಿಯಲ್ಲಿ ಮೋಟರ್ ಹಿಡಿದುಕೊಂಡು ಗುಬ್ಬಿಯನ್ನು ಏಳಲು ಬಿಡದಿದ್ದರೆ, ಮೋಟರಿನ ರಾಡ್ ಕಳಚಿ ಮತ್ತೆ ಪ್ರಯತ್ನಿಸಿ.

ಬಾಗಿಲು ತೆರೆಯಿತೆಂದು ಕೆಲಸ ಮುಗಿಯುವುದಿಲ್ಲ. ಮುರಿದ ಕ್ಲಿಪ್ಪಿನ ಬದಲು ರಾಡನ್ನು ಬೈಂಡಿಂಗ್ ವಯರಿನಿಂದ ಬಿಗಿಯುವ ರೂಢಿ ನಮ್ಮಲ್ಲಿ ತುಂಬಾ ಉಂಟು. ಅದು ನಿಲ್ಲುವುದಿಲ್ಲ. ಲಿವರ್ ತಿರುಗುವಾಗ ರಾಡ್ ತನ್ನ ತೂತಿನಲ್ಲಿ ಸ್ವಲ್ಪ ಹೊರಳಬೇಕು, ತಂತಿ ಹೊರಳಲು ಬಿಡುವುದಿಲ್ಲ, ತೂತನ್ನು ಸವೆಸಿ ಕೊನೆಗೆ ತಾನೂ ಕಡಿದುಹೋಗುತ್ತದೆ. ಕ್ಲಿಪ್ಪಿಗೆ ರಾಡಿನ ದಪ್ಪದ ಲೆಕ್ಕವೂ ಎಡ ಬಲದ ಲೆಕ್ಕವೂ ಇರುತ್ತದೆ. ಹಳೆಯದನ್ನು ಅಂಗಡಿಗೆ ಒಯ್ದು ಅಂಥದ್ದೇ ತನ್ನಿ, ಒಂದೆರಡು ಹೆಚ್ಚಿಗೆ ಇರಲಿ.

ತುಕ್ಕು ಹಿಡಿದ ಲಾಕನ್ನು ಹೊರಗೆ ತೆಗೆದೇ ತೊಳೆಯಬೇಕು. ಬಾಗಿಲಿನ ಹಿಂದಿನ ಅಂಚಿನಲ್ಲಿ ಸಾಮಾನ್ಯವಾಗಿ ಮೂರು ಸ್ಕ್ರೂ ಇರುತ್ತವೆ, ಅವು ತುಂಬಾ ಬಿಗಿ. ಸರಿಯಾಗಿ ಕೂರುವ ಬಿಟ್ ಹಾಕಿ, ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಸವೆದ ಸ್ಕ್ರೂಡ್ರೈವರಿನಲ್ಲಿ ತಿರುಚಿದರೆ ತಲೆ ಹಾಳಾಗಿ ಡ್ರಿಲ್ ಮಾಡುವ ಪರಿಸ್ಥಿತಿ ಬರುತ್ತದೆ. ಲಾಕನ್ನು ಡೀಸೆಲಿನಲ್ಲಿ ನೆನೆಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಹಸಿರು ಹಕ್ಕಳೆ ಕಂಡರೆ ಅದು ತುತ್ತಿನದು, ಮೊದಲು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಆಮೇಲೆ ಡೀಸೆಲಿಗೆ ಹಾಕಿ. ರಿವೆಟ್ ಬಿಚ್ಚಬೇಡಿ. ಕೊಕ್ಕೆ ಬೆರಳಲ್ಲಿ ತಿರುಗಿಸಿ ಬಿಟ್ಟ ಕೂಡಲೇ ಹಿಂದೆ ಬಂದರೆ ಲಾಕ್ ಚೆನ್ನಾಗಿದೆ. ಹಲ್ಲಿನ ತುದಿ ಸವೆದು ಉರುಟಾಗಿದ್ದರೆ ಮಾತ್ರ ಹೊಸ ಲಾಕ್ ಹಾಕಿ, ಅಂಥ ಲಾಕ್ ಓಡುವಾಗ ಬಿಟ್ಟುಕೊಳ್ಳಬಹುದು. ಕೊಕ್ಕೆಗೆ ಬಿಳಿ ಲಿಥಿಯಂ ಗ್ರೀಸ್ ತೆಳುವಾಗಿ ಹಚ್ಚಿ. ಚಾಸಿಸ್‌ಗೆ ಹೊಡೆಯುವ ಗ್ರೀಸ್ ಇಲ್ಲಿ ಹುಡಿ ಹಿಡಿಯುತ್ತದೆ. ಕೀ ಹಾಕುವ ಜಾಗಕ್ಕೆ ಗ್ರೀಸೂ ಬೇಡ, ಎಣ್ಣೆಯೂ ಬೇಡ, ಗ್ರಾಫೈಟ್ ಪುಡಿ ಸಾಕು.

ಜೋಡಿಸುವಾಗ ಹೊರ ಹ್ಯಾಂಡಲಿನ ರಾಡಿಗೆ ತುದಿಯಲ್ಲಿ ಮರೆ (ಸ್ಕ್ರೂವಿನಂಥ ತಿರುಪಿನ ಗೆರೆ) ಇದ್ದರೆ ಅದನ್ನು ತಿರುಗಿಸಿ, ಹ್ಯಾಂಡಲಿನಲ್ಲಿ 1-2 ಮಿ.ಮೀ. ಸಡಿಲ ಉಳಿಯುವಂತೆ ಮಾಡಿ. ಸಡಿಲವೇ ಇಲ್ಲದಿದ್ದರೆ ಹಲ್ಲು ಪೂರ್ತಿ ಕೂರದೆ ಬಾಗಿಲು ತಾನಾಗಿ ತೆರೆದೀತು. ಹೆಚ್ಚು ಸಡಿಲವಿದ್ದರೆ ಹ್ಯಾಂಡಲ್ ಪೂರ್ತಿ ಎಳೆದರೂ ಹಲ್ಲು ಏಳುವುದಿಲ್ಲ.

ಈಗ ಪರೀಕ್ಷೆ, ಬಾಗಿಲು ತೆರೆದಿರುವಾಗಲೇ. ಸ್ಕ್ರೂಡ್ರೈವರಿನ ಕಡ್ಡಿಯನ್ನು ಸ್ಟ್ರೈಕರಿನ ಜಾಗದಲ್ಲಿ ಕೊಕ್ಕೆಗೆ ಒತ್ತಿದರೆ ಎರಡು ಸಲ ಟಕ್ ಎನ್ನಬೇಕು, ಒಂದು ಅರ್ಧ ಲಾಕ್, ಇನ್ನೊಂದು ಪೂರ್ತಿ ಲಾಕ್. ಹೊರ ಹ್ಯಾಂಡಲ್ ಎಳೆದು ಬಿಡಿಸಿ. ಮತ್ತೆ ಲಾಕ್ ಮಾಡಿ ಒಳ ಹ್ಯಾಂಡಲಿನಿಂದ ಬಿಡಿಸಿ, ಗುಬ್ಬಿ ಮತ್ತು ಕೀಯನ್ನೂ ನೋಡಿ. ಇದಿಷ್ಟೂ ಸರಿ ಬರುವವರೆಗೆ ಬಾಗಿಲು ಹಾಕಲೇಬೇಡಿ, ಮತ್ತೆ ಸಿಕ್ಕಿಕೊಂಡರೆ ಎಲ್ಲ ಮೊದಲಿನಿಂದ.

ಹಾಕುವಾಗ ಬಾಗಿಲು ಸ್ಟ್ರೈಕರಿಗೆ ಬಡಿದು ಮೇಲೇಳುತ್ತಿದ್ದರೆ ಕೂಡಲೇ ಸ್ಟ್ರೈಕರ್ ಸಡಿಲಿಸಬೇಡಿ. ತೆರೆದ ಬಾಗಿಲನ್ನು ತುದಿಯಲ್ಲಿ ಹಿಡಿದು ಎತ್ತಿ ನೋಡಿ. ಆಡಿದರೆ ಹಿಂಜಿನ ಪಿನ್, ಬುಷ್ ಸವೆದು ಬಾಗಿಲು ಜೋತುಬಿದ್ದಿದೆ, ಅದನ್ನು ಸರಿಮಾಡಿ. ಹಿಂಜ್ ಗಟ್ಟಿಯಾಗಿದ್ದರೆ ಮಾತ್ರ ಸ್ಟ್ರೈಕರಿನ ಸುತ್ತ ಮಾರ್ಕರ್‌ನಿಂದ ಗೆರೆ ಹಾಕಿ, ಸ್ವಲ್ಪವೇ ಸರಿಸಿ ಬಿಗಿಮಾಡಿ.

ಪ್ಯಾಡ್ ಮುಚ್ಚುವ ಮೊದಲು ಬಾಗಿಲಿನ ಅಡಿಯ ಅಂಚಿನಲ್ಲಿ ನೀರು ಹೋಗುವ ತೂತುಗಳಿಗೆ ತಂತಿ ಹಾಕಿ. ಕೆಂಪು ಮಣ್ಣು, ಅಡಿಕೆ ಸಿಪ್ಪೆಯ ನಾರು ಕಟ್ಟಿ ಅವು ಮುಚ್ಚಿರುತ್ತವೆ. ಒಳಗೆ ನಿಂತ ನೀರಿನ ತೇವವೇ ಇಡೀ ಮಳೆಗಾಲ ಲಾಕನ್ನು ತಿನ್ನುವುದು. ಮೇಲಿನಿಂದ ಒಂದು ಚೊಂಬು ನೀರು ಹೊಯ್ದು, ಕೆಳಗೆ ಸರಾಗ ಇಳಿಯುತ್ತದೆಯೇ ನೋಡಿ. ಪ್ಲಾಸ್ಟಿಕ್ ಶೀಟನ್ನು ಮತ್ತೆ ಅಂಟಿಸುವಾಗ ಅದರ ಕೆಳ ಅಂಚು ಬಾಗಿಲಿನ ಒಳಕ್ಕೆ ಹೋಗಬೇಕು. ಹೊರಗೆ ಬಿಟ್ಟರೆ ಗಾಜಿನಿಂದ ಇಳಿದ ನೀರು ಪ್ಯಾಡಿಗೆ ಬಂದು ಹಲಗೆ ಊದಿ ಕ್ಲಿಪ್ಪುಗಳು ನಿಲ್ಲುವುದಿಲ್ಲ.